ವಿಟಮಿನ್ ಸಿ ಸೀರಮ್ ಟೀ ಡಿಕಾಕ್ಷನ್ ಬಣ್ಣ ಆಗಿದೆ, ಹಚ್ಬಹುದಾ? ಈ ಆಂಟಿಆಕ್ಸಿಡೆಂಟ್‌ಗಳು ನಿಜಕ್ಕೂ ಕೆಲ್ಸ ಮಾಡ್ತವಾ?

ಸಂಪಿಗೆ_ಮರ:
ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದೀನಿ, ವಯಸ್ಸು 36. ಎರಡನೇ ಬಾಣಂತನ ಆದ್ಮೇಲೆ ಎರಡೂ ಕೆನ್ನೆ ಮೇಲೆ ಬಂಗು ಬಂತು, ಮೂಗಿನ ಪಕ್ಕದಿಂದ ಶುರುವಾಗಿ ಕಣ್ಣಿನ ಕೆಳಗಿನವರೆಗೂ ಹರಡಿದೆ. ಮಾರ್ಚ್‌ನಲ್ಲಿ ಆನ್‌ಲೈನಲ್ಲಿ 15% ವಿಟಮಿನ್ ಸಿ ಸೀರಮ್ ತರಿಸ್ದೆ, 30 ಎಂಎಲ್ ಬಾಟ್ಲಿಗೆ 1,900 ರೂಪಾಯಿ, ನಮ್ಮನೆಗೆ ಅದು ಸಣ್ಣ ದುಡ್ಡಲ್ಲ. ಬಂದಾಗ ನೀರಿನ ಹಾಗೆ ತಿಳಿಯಾಗಿತ್ತು. ಬಚ್ಚಲುಮನೆ ಕನ್ನಡಿ ಸ್ಟ್ಯಾಂಡ್ ಮೇಲೆ ಇಟ್ಕೊಂಡು ದಿನಾ ಬೆಳಿಗ್ಗೆ ನಾಲ್ಕು ಹನಿ ಹಚ್ತಿದ್ದೆ. ಮೊದ್ಲು ತೆಳು ಹಳದಿ ಆಯ್ತು, ಆಮೇಲೆ ಜೇನುತುಪ್ಪದ ಥರ, ಈಗ ಜೂನ್‌ನಲ್ಲಿ ನೋಡಿದ್ರೆ ಹಾಲು ಹಾಕದಿರೋ ಟೀ ಡಿಕಾಕ್ಷನ್. ಡ್ರಾಪರ್ ಬಾಯಿ ಸುತ್ತ ಕಂದು ಕಲೆ ಕಟ್ಟಿದೆ, ಬೆರಳ ತುದಿ ಹಳದಿ ಆಗುತ್ತೆ, ಮುಖ ಒರೆಸೋ ಟವೆಲ್ ಮೇಲೂ ಕಲೆ. ಬಂಗು ಮಾತ್ರ ಹೇಗಿತ್ತೋ ಹಾಗೇ ಇದೆ.

ಅಮ್ಮ ಹೇಳ್ತಾರೆ ಅದನ್ನ ಚೆಲ್ಲು, ಕಸ್ತೂರಿ ಅರಿಶಿನ ಹಚ್ಕೋ ಅಂತ. ನಂಗೆ ಚೆಲ್ಲೋಕೆ ಮನಸ್ಸು ಬರ್ತಿಲ್ಲ, ಇನ್ನೂ ಅರ್ಧ ಇದೆ. ಈಗ ಅದರ ಜಾಗಕ್ಕೆ ಏನು ತಗೊಳ್ಳೋದು ಅಂತ ಹುಡುಕಿದ್ರೆ ಫೆರುಲಿಕ್, ನಯಾಸಿನಮೈಡ್, ರೆಸ್ವೆರಟ್ರಾಲ್, ಕೋಕ್ಯೂ10, ಗ್ರೀನ್ ಟೀ, ದ್ರಾಕ್ಷಿ ಬೀಜ, ಒಂದಾ ಎರಡಾ. ಇದ್ರಲ್ಲಿ ಯಾವುದು ನಿಜ? ಬ್ರ್ಯಾಂಡ್ ಹೆಸರು ಹೇಳಲ್ಲ, ದಯವಿಟ್ಟು ಕೇಳ್ಬೇಡಿ.

ಹಸಿರುಬಳೆ:
ಅಕ್ಕ, ನಂದೂ ಸೇಮ್. ನಾನು ಬಣ್ಣ ಗಾಢ ಆದಷ್ಟೂ ಪವರ್ ಜಾಸ್ತಿ ಅನ್ಕೊಂಡು ಪೂರ್ತಿ ಬಾಟ್ಲಿ ಮುಗಿಸ್ಬಿಟ್ಟೆ 😟

ಪೀಣ್ಯ_ಲ್ಯಾಬ್:
ಸಂಪಿಗೆ ಅವರೇ, ಅದನ್ನ ಇವತ್ತಿಂದ ಮುಖಕ್ಕೆ ಹಚ್ಬೇಡಿ. ನಾನು ಎಂ.ಫಾರ್ಮ್ ಓದಿ 11 ವರ್ಷದಿಂದ ಬೆಂಗಳೂರಿನ ಪೀಣ್ಯದಲ್ಲಿ ಬೇರೆಯವರ ಬ್ರ್ಯಾಂಡ್‌ಗೆ ಕ್ರೀಮು ಸೀರಮ್ಮು ಮಾಡ್ಕೊಡೋ ಒಂದು ಘಟಕದ ಲ್ಯಾಬಲ್ಲಿದೀನಿ. ಈ ಪ್ರಶ್ನೆಗೆ ಉದ್ದ ಉತ್ತರ ಬೇಕು, ಸಮಾಧಾನವಾಗಿ ಓದಿ.

ಬಿಸಿಲು ಚರ್ಮದ ಮೇಲೆ ಬಿದ್ದಾಗ ಒಳಗೆ ಫ್ರೀ ರ‍್ಯಾಡಿಕಲ್ಸ್ ಹುಟ್ತವೆ, ಅಂದ್ರೆ ಒಂದು ಎಲೆಕ್ಟ್ರಾನ್ ಕಳ್ಕೊಂಡು ಪಕ್ಕದವರಿಂದ ಕಿತ್ಕೊಳ್ಳೋಕೆ ನೋಡೋ ಕಣಗಳು, ಜೀವಕೋಶದ ಪೊರೆ, ಡಿಎನ್ಎ, ಕೊಲ್ಯಾಜನ್ ಯಾವುದನ್ನೂ ಬಿಡಲ್ಲ. ವಿಟಮಿನ್ ಸಿ ತನ್ನ ಎಲೆಕ್ಟ್ರಾನನ್ನೇ ಕೊಟ್ಟು ಅವನ್ನ ಸುಮ್ಮನಾಗಿಸುತ್ತೆ. ಅದೇ ಕೆಲ್ಸ ಬಾಟ್ಲಿ ಒಳಗೂ ನಡೆಯುತ್ತೆ ನೋಡಿ, ಸಮಸ್ಯೆ ಇರೋದೇ ಅಲ್ಲಿ. ಗಾಳಿ, ಬೆಳಕು, ಬಿಸಿ ತಾಗಿದ್ರೆ ಸಾಕು, ನಿಮ್ಮ ಮುಖಕ್ಕೆ ಬರೋ ಮೊದಲೇ ಅದು ಖರ್ಚಾಗಿ ಹೋಗುತ್ತೆ. ಕೊಟ್ಟಾದ್ಮೇಲೆ ಅದು ಡಿಹೈಡ್ರೋ ಆಸ್ಕಾರ್ಬಿಕ್ ಆಸಿಡ್ ಆಗುತ್ತೆ, ಅಲ್ಲಿಂದಲೂ ಮುಂದೆ ಒಡೆದ್ರೆ ಹಿಂದಕ್ಕೆ ತರೋಕಾಗಲ್ಲ. ಹಾಗೆ ಒಡೆದಾಗ ಹುಟ್ಟೋದ್ರಲ್ಲಿ ಎರಿಥ್ರುಲೋಸ್ ಅಂತ ಒಂದು ಸಕ್ಕರೆ ಇದೆ. ವಿದೇಶದಲ್ಲಿ ಮೈ ಬಣ್ಣ ಕಂದು ಮಾಡ್ಕೊಳ್ಳೋಕೆ ಹಚ್ಕೋತಾರಲ್ಲ ಆ ಲೋಷನ್‌ಗಳಲ್ಲಿ ಹಾಕೋ ವಸ್ತುಗಳಲ್ಲಿ ಇದೂ ಒಂದು. ನಿಮ್ಮ ಬೆರಳು ಹಳದಿ ಆಗ್ತಿರೋದಕ್ಕೆ ಕಾರಣ ಇದು. ಬಂಗು ತಿಳಿಯಾಗ್ಲಿ ಅಂತ ಹಚ್ತಿದ್ದದ್ದು ಮೇಲ್ಪದರಕ್ಕೆ ಕಲೆ ಹಾಕ್ತಿತ್ತು ಅಂದ್ರೆ ನಂಗೇ ಹೊಟ್ಟೆ ಉರಿಯುತ್ತೆ. ಕಲೆ ಬಗ್ಗೆ ಹೆದರ್ಬೇಡಿ, ಕೆಲವು ದಿನದಲ್ಲಿ ಸತ್ತ ಚರ್ಮದ ಜೊತೆ ಉದುರಿ ಹೋಗುತ್ತೆ.

ಹಾಗಂತ ವಿಟಮಿನ್ ಸಿನೇ ಸುಳ್ಳು ಅನ್ಬೇಡಿ. 2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನ್ನೆಲ್ ಮತ್ತು ಜೊತೆಗಾರರು ಅಳೆದು ತೋರಿಸಿದ್ದು ಹೀಗಿದೆ: ಎಲ್-ಆಸ್ಕಾರ್ಬಿಕ್ ಆಸಿಡ್ (ಅಂದ್ರೆ ಶುದ್ಧ ವಿಟಮಿನ್ ಸಿ) ಚರ್ಮದ ಒಳಕ್ಕೆ ಇಳೀಬೇಕಾದ್ರೆ ಸೀರಮ್‌ನ ಪಿಎಚ್, ಅಂದ್ರೆ ಹುಳಿಯ ಅಳತೆ (ಕಮ್ಮಿ ಆದಷ್ಟೂ ಹುಳಿ ಜಾಸ್ತಿ), 3.5ಕ್ಕಿಂತ ಕೆಳಗೆ ಇರ್ಬೇಕು, 20% ತನಕ ಪ್ರಮಾಣ ಏರಿದ ಹಾಗೆ ಒಳಗೆ ಇಳಿಯೋದೂ ಏರುತ್ತೆ, ಅದಕ್ಕಿಂತ ಮೇಲೆ ಹೋದ್ರೆ ಲಾಭ ಇಲ್ಲ. ಒಮ್ಮೆ ಚರ್ಮದಲ್ಲಿ ತುಂಬಿಕೊಂಡ್ರೆ ಅರ್ಧಕ್ಕೆ ಇಳಿಯೋಕೆ ಸುಮಾರು 4 ದಿನ ಬೇಕು. 2005ರಲ್ಲಿ ಅದೇ ಡ್ಯೂಕ್ ತಂಡ 15% ವಿಟಮಿನ್ ಸಿ, 1% ವಿಟಮಿನ್ ಇ, 0.5% ಫೆರುಲಿಕ್ ಆಸಿಡ್ (ಗಿಡಗಳಲ್ಲಿರೋ ಇನ್ನೊಂದು ಆಂಟಿಆಕ್ಸಿಡೆಂಟ್) ಸೇರಿಸಿದ್ರೆ ಬಿಸಿಲಿನ ಹಾನಿ ತಡೆಯೋ ಶಕ್ತಿ ಸುಮಾರು 4 ಪಟ್ಟಿನಿಂದ 8 ಪಟ್ಟಿಗೆ ಏರುತ್ತೆ ಅಂತ ಪ್ರಕಟಿಸ್ತು. ಫೆರುಲಿಕ್ ಇರೋದ್ರಿಂದ ಸಿ ಮತ್ತೆ ಇ ಎರಡೂ ಬಾಟ್ಲಿಯಲ್ಲಿ ಹೆಚ್ಚು ದಿನ ಬಾಳ್ತವೆ. ಇವತ್ತು ಮಾರ್ಕೆಟ್‌ನಲ್ಲಿ ಸಿ-ಇ-ಫೆರುಲಿಕ್ ಅಂತ ಬರೋದೆಲ್ಲ ಅದರ ಮರಿಗಳೇ.

ಒಂದು ಮಾತು ಮುಚ್ಚಿಡಬಾರ್ದು. ಆ ಅಳತೆಗಳು ಬಹುಪಾಲು ಹಂದಿ ಚರ್ಮದ ಮೇಲೆ ಆಗಿದ್ದು. ನಮ್ಮ ಚರ್ಮಕ್ಕೆ ಅದು ಬಹಳ ಹತ್ತಿರ, ಆದ್ರೂ ಹಂದಿ ಚರ್ಮ. ಮತ್ತೆ ಪಿನ್ನೆಲ್ ಅವರು ಸ್ಕಿನ್‌ಸ್ಯುಟಿಕಲ್ಸ್ ಕಂಪನಿ ಕಟ್ಟಿದವರಲ್ಲಿ ಒಬ್ರು, ಆ ಫಾರ್ಮುಲಾ ಮಾರಿದ್ದು ಅದೇ ಕಂಪನಿ. ಕೆಲ್ಸ ಕಳಪೆ ಅಂತ ಅಲ್ಲ, ಓದುವಾಗ ಇದು ಗೊತ್ತಿರ್ಬೇಕು ಅಷ್ಟೇ.

ತುಂಗಾ_ತೀರ:
8 ಪಟ್ಟು ಅಂದ್ರೆ ಸನ್‌ಸ್ಕ್ರೀನ್ ಡಬ್ಬಿ ಮೇಲೆ ಬರೆಯೋ ಎಸ್‌ಪಿಎಫ್ 8 ಇದ್ದ ಹಾಗಾ ಮೇಡಂ? ಹಾಗಾದ್ರೆ ಮನೇಲೇ ಇರೋ ದಿನ ಸೀರಮ್ ಮಾತ್ರ ಹಚ್ಚಿ ಸನ್‌ಸ್ಕ್ರೀನ್ ಬಿಟ್ರೆ ನಡೆಯುತ್ತಾ, ನಂಗೆ ಸನ್‌ಸ್ಕ್ರೀನ್ ಜಿಡ್ಡು ಆಗಲ್ಲ ಅದಕ್ಕೆ ಕೇಳ್ದೆ.

ಪೀಣ್ಯ_ಲ್ಯಾಬ್:
ಇಲ್ಲ ಇಲ್ಲ, ದಯವಿಟ್ಟು ಹಾಗೆ ಮಾಡ್ಬೇಡಿ. ಸನ್‌ಸ್ಕ್ರೀನ್ ಬಾಗಿಲಲ್ಲೇ ಕಿರಣ ತಡೆಯುತ್ತೆ, ಆಂಟಿಆಕ್ಸಿಡೆಂಟ್ ಒಳಗೆ ನುಗ್ಗಿದ್ದನ್ನ ನೋಡ್ಕೊಳ್ಳುತ್ತೆ. ಸೀರಮ್ ಮುಖದ ಮೇಲೆ ನಿಂತು ಯುವಿ ಹೀರೋ ಪದರ ಅಲ್ಲ. ಆ 8 ಪಟ್ಟು ಅನ್ನೋದು ಕೆಂಪಾಗೋದು, ಸುಟ್ಟ ಜೀವಕೋಶಗಳ ಎಣಿಕೆ, ಇವನ್ನ ಲ್ಯಾಬ್‌ನ ದೀಪದ ಕೆಳಗೆ ಅಳೆದಿದ್ದು, ಅದೂ ಸರಿಯಾಗಿ ಕೆಲವು ದಿನ ಹಚ್ಚಿದ ಮೇಲೆ. ಕಿಟಕಿ ಗಾಜಿನಿಂದ ಯುವಿಎ (ಬಿಸಿಲಿನ ಯುವಿ ಕಿರಣಗಳಲ್ಲಿ ಒಂದು ಬಗೆ) ಸಲೀಸಾಗಿ ಒಳಗೆ ಬರುತ್ತೆ, ಹಾಗಾಗಿ ಕಿಟಕಿ ಪಕ್ಕ ಕೂತು ಕೆಲ್ಸ ಮಾಡೋರು ಮನೇಲಿದ್ರೂ ಹಚ್ಲೇಬೇಕು. ಬೇಸಿಗೆ ಮಧ್ಯಾಹ್ನ ನಮ್ಮಲ್ಲಿ ಯುವಿ ಇಂಡೆಕ್ಸ್, ಅಂದ್ರೆ ಯುವಿ ಎಷ್ಟು ಜೋರಿದೆ ಅನ್ನೋ ಅಳತೆ, 10 ದಾಟುತ್ತೆ. ಜಿಡ್ಡು ತೊಂದರೆ ಇದ್ರೆ ಜೆಲ್ ಥರದ್ದು ನೋಡಿ.

ಓದುಗ_ಮೈಸೂರು:
ಮೇಡಂ ಹೇಳಿದ್ದು ಸರಿ, ಆದ್ರೆ ಮನುಷ್ಯರ ಮುಖದ ಮೇಲೆ ಏನಾಯ್ತು ಅನ್ನೋದನ್ನೂ ಹೇಳ್ಬೇಕಲ್ವಾ. ನಾನು ಡಾಕ್ಟರ್ ಅಲ್ಲ, ಹೆಂಡ್ತಿಗೆ ಬಂಗು ಇರೋದ್ರಿಂದ ಎರಡು ವರ್ಷ ಈ ಪೇಪರ್‌ಗಳನ್ನ ಕೂತು ಓದಿದೀನಿ. ವಿಟಮಿನ್ ಸಿ ಬಗ್ಗೆ 2003ರಲ್ಲಿ ಫ್ರಾನ್ಸಿನ ಒಂದು ಅಧ್ಯಯನ ಇದೆ, 5% ಕ್ರೀಮ್, 6 ತಿಂಗಳು, ಯಾವ್ದು ನಿಜದ ಕ್ರೀಮ್ ಅಂತ ಹಚ್ಚೋರಿಗೂ ಗೊತ್ತಿಲ್ಲ ನೋಡೋರಿಗೂ ಗೊತ್ತಿಲ್ಲ, ಬಿಸಿಲಿಗೆ ಹಾಳಾದ ಚರ್ಮ ಸುಧಾರಿಸ್ತು. 2002ರದ್ದು ಇನ್ನೊಂದು, ಅರ್ಧ ಮುಖಕ್ಕೆ ಸಿ, ಇನ್ನರ್ಧಕ್ಕೆ ಸಿ ಇಲ್ಲದ ಬರೀ ಬೇಸ್, 12 ವಾರ, ಅದ್ರಲ್ಲಿದ್ದವರು 10 ಜನ. ಹತ್ತೇ ಜನ! ಫಲಿತಾಂಶ ಚೆನ್ನಾಗೇ ಇದೆ, ಆದ್ರೆ ನಾವು ಕೊಡೋ ದುಡ್ಡಿಗೆ ತಕ್ಕಷ್ಟು ದೊಡ್ಡ ಪುರಾವೆ ಅದಲ್ಲ.

ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಬಗ್ಗೆ ಪುರಾವೆ ಸ್ವಲ್ಪ ಗಟ್ಟಿ ಇದೆ. 2005ರಲ್ಲಿ ಬಂದ ಅಧ್ಯಯನ, 50 ಹೆಂಗಸರು, 5%, ಅರ್ಧ ಮುಖದ ಹೋಲಿಕೆ, 12 ವಾರ, ಸಣ್ಣ ಗೆರೆ ಕಲೆ ಕೆಂಪು ಎಲ್ಲ ಸ್ವಲ್ಪ ಸ್ವಲ್ಪ ಕಮ್ಮಿ ಆಯ್ತು. ಆದ್ರೆ ಅವರೆಲ್ಲ ಬಿಳಿ ಚರ್ಮದವರು. ನಮಗೆ ಹತ್ತಿರದ್ದು ಅಂದ್ರೆ 2011ರಲ್ಲಿ ಮೆಕ್ಸಿಕೋದವರು ಮಾಡಿದ್ದು, ಬಂಗು ಇರೋ 27 ಜನ, ಮುಖದ ಒಂದು ಕಡೆ 4% ನಯಾಸಿನಮೈಡ್ ಇನ್ನೊಂದು ಕಡೆ 4% ಹೈಡ್ರೋಕ್ವಿನೋನ್ (ಬಂಗಿಗೆ ಡಾಕ್ಟರ್ ಕೊಡೋ ಔಷಧಿ), 8 ವಾರ. ಒಳ್ಳೇ ಸುಧಾರಣೆ ಕಂಡವರು ನಯಾಸಿನಮೈಡ್ ಕಡೆ 44%, ಹೈಡ್ರೋಕ್ವಿನೋನ್ ಕಡೆ 55%. ಔಷಧಿಗೆ ಇಷ್ಟು ಹತ್ತಿರ ಬಂದಿದ್ದು ನೋಡಿ ನಂಗೆ ನಿಜಕ್ಕೂ ಆಶ್ಚರ್ಯ ಆಯ್ತು, ಉರಿನೂ ಕಮ್ಮಿ. ಅರ್ಧಕ್ಕಿಂತ ಹೆಚ್ಚು ಜನರಿಗೆ ಅಂಥಾ ಫಲ ಸಿಗ್ಲಿಲ್ಲ ಅನ್ನೋದನ್ನೂ ಅದೇ ಅಂಕಿ ಹೇಳುತ್ತೆ.

ಇನ್ನು ರೆಸ್ವೆರಟ್ರಾಲ್, ದ್ರಾಕ್ಷಿ ಬೀಜ, ಕೋಕ್ಯೂ10, ದಾಳಿಂಬೆ, ಇವುಗಳ ಬಗ್ಗೆ "ವಿಟಮಿನ್ ಸಿಗಿಂತ ಇಷ್ಟು ಪಟ್ಟು ಶಕ್ತಿಶಾಲಿ" ಅಂತ ಬರೀತಾರಲ್ಲ, ಅದು ಎಲ್ಲಿಂದ ಬರುತ್ತೆ ಅಂತ ಮೇಡಂ ಹೇಳ್ಲಿ.

ಪೀಣ್ಯ_ಲ್ಯಾಬ್:
ಹೇಳ್ತೀನಿ ಸರ್. ಡಿಪಿಪಿಎಚ್ ಅಂತ ಒಂದು ಟೆಸ್ಟ್. ನೇರಳೆ ಹಣ್ಣಿನ ರಸದಂಥ ಗಾಢ ಬಣ್ಣದ ದ್ರಾವಣ, ಟೆಸ್ಟ್ ಟ್ಯೂಬ್‌ಗೆ ಹಾಕ್ಕೊಂಡು ನಿಮ್ಮ ಸಾರ ಒಂದೆರಡು ಹನಿ ಬಿಡೋದು. ಆಂಟಿಆಕ್ಸಿಡೆಂಟ್ ಇದ್ರೆ ನೇರಳೆ ಹೋಗಿ ಹಳದಿ ಆಗುತ್ತೆ, ಎಷ್ಟು ಬಣ್ಣ ಇಳೀತು ಅಂತ ಮೆಷಿನ್‌ನಲ್ಲಿ ಓದ್ಕೋತೀವಿ. ನೋಡೋಕೆ ಬಹಳ ಚೆಂದ. ಮನೆ ಟೀ ಸೊಪ್ಪಿನ ಕಷಾಯ ಹಾಕಿದ್ರೂ ಹಳದಿ ಆಗುತ್ತೆ. ಆದ್ರೆ ಆ ಟ್ಯೂಬ್‌ನಲ್ಲಿ ಚರ್ಮ ಇಲ್ಲ, ಚರ್ಮದ ಮೇಲ್ಪದರ ದಾಟೋ ಕಷ್ಟ ಇಲ್ಲ. ಅಲ್ಲಿ ಗೆದ್ದ ಎಷ್ಟೋ ವಸ್ತು ಮುಖದ ಮೇಲೇ ಕೂತಿರುತ್ತೆ, ಒಳಗೆ ಹೋಗಲ್ಲ. ಗ್ರೀನ್ ಟೀ ಸಾರಕ್ಕೆ ಮಾತ್ರ ಮನುಷ್ಯರ ಚರ್ಮದ ಮೇಲೆ ಬಿಸಿಲಿನ ಕೆಂಪು ಕಮ್ಮಿ ಮಾಡಿದ ಪುರಾವೆ ಸ್ವಲ್ಪ ಇದೆ. ಉಳಿದವಕ್ಕೆ ನಾನಂತೂ ಹೆಚ್ಚು ದುಡ್ಡು ಕೊಡಲ್ಲ.

ಇನ್ನೊಂದು, ನಮ್ಮ ದೇಶದ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಪ್ರಕಾರ ಕಾಸ್ಮೆಟಿಕ್ ಅಂದ್ರೆ ಶುಚಿ ಮಾಡೋಕೆ, ಅಂದ ಹೆಚ್ಚಿಸೋಕೆ, ನೋಟ ಬದಲಿಸೋಕೆ ಹಚ್ಚೋ ವಸ್ತು. ಔಷಧಿ ಥರ ರೋಗಿಗಳ ಮೇಲೆ ಪರೀಕ್ಷೆ ಮಾಡಿ ಗುಣ ಸಾಬೀತು ಮಾಡಿದ್ಮೇಲೇ ಮಾರ್ಬೇಕು ಅಂತ ಸೀರಮ್‌ಗೆ ಇಲ್ಲ. ಹಾಗಾಗಿ ನೋಡ್ಕೊಂಡು ತಗೊಳ್ಳೋ ಕೆಲ್ಸ ನಮ್ಮ ಮೇಲೇ ಬೀಳುತ್ತೆ.

ರಾಯಚೂರ_ಬಿಸ್ಲು:
ನಮಸ್ಕಾರ್ರಿ ಅಕ್ಕಾರ. ನಮ್ಮ ರಾಯಚೂರಾಗ ಏಪ್ರಿಲ್ ಮೇ ತಿಂಗ್ಳು 42 ಡಿಗ್ರಿ ಬಿಸ್ಲು, ಕರೆಂಟ್ ಯಾವಾಗ ಹೋಗ್ತದ ಯಾವಾಗ ಬರ್ತದ ಗೊತ್ತಿಲ್ಲ. ಕೊರಿಯರ್ ಹುಡುಗ ಮಧ್ಯಾಹ್ನ ಎರಡಕ್ಕ ತಂದ್ ಕೊಟ್ಟ ಡಬ್ಬಿ ಕೈಯಾಗ ಹಿಡಿದ್ರ ಬಿಸಿ ಬಿಸಿ ಇತ್ರಿ, ಒಳಗಿನ ಸೀರಮ್ ಮುಚ್ಚಳ ತೆಗಿಯೋಕಿಂತ ಮೊದಲ ಹಳದಿ ಆಗಿತ್ತು. ವಾಪಸ್ ತಗೊಳ್ಳಿಲ್ಲ, ಇದು ಸಹಜ ಬಣ್ಣ ಅಂತ ಮೇಲ್ ಹಾಕಿದ್ರು. ನಮ್ಮಂಥಾ ಊರಿನವ್ರು ಏನ್ ಹಚ್ಕೋಬೇಕ್ರಿ?

ಪೀಣ್ಯ_ಲ್ಯಾಬ್:
ನಿಮ್ಮ ಪ್ರಶ್ನೆ ಬಹಳ ಮುಖ್ಯ, ಯಾಕಂದ್ರೆ ಈ ಸೀರಮ್‌ಗಳ ಬಗ್ಗೆ ಬರೆಯೋರೆಲ್ಲ ತಣ್ಣಗಿನ ಊರಲ್ಲಿ ಕೂತು ಬರೀತಾರೆ. ನಾನೇ ಒಂದ್ಸಲ ನೋಡಿದ್ದು ಹೇಳ್ತೀನಿ. 15% ಆಸ್ಕಾರ್ಬಿಕ್ ಆಸಿಡ್ ನೀರಲ್ಲಿ ಕರಗಿಸಿ, ಬೇರೇನೂ ಹಾಕದೆ, ಮೂರು ಬಾಟ್ಲಿ ತುಂಬಿದ್ದೆ. ಒಂದು ಕಂದು ಗಾಜು ಫ್ರಿಜ್‌ನಲ್ಲಿ, ಇನ್ನೊಂದು ಕಂದು ಗಾಜು ಕಪಾಟಲ್ಲಿ, ಮೂರನೇದು ಬಿಳೀ ಗಾಜು ಪಶ್ಚಿಮದ ಕಿಟಕಿ ಕಟ್ಟೆ ಮೇಲೆ. ದಿನಾ ಸಂಜೆ ಒಂದೊಂದು ಹನಿ ಬಿಳೀ ಟೈಲ್ಸ್ ಮೇಲೆ ಬಿಟ್ಟು ನೋಡ್ತಿದ್ದೆ. ಕಿಟಕಿದು ಮೊದಲನೇ ವಾರವೇ ನಿಂಬೆ ಶರಬತ್ತಿನ ಬಣ್ಣಕ್ಕೆ ಬಂತು, ಮೂರನೇ ವಾರಕ್ಕೆ ಬೆಲ್ಲದ ನೀರು. ಕಪಾಟಿಂದು ತೆಳು ಹಳದಿ. ಫ್ರಿಜ್‌ದು ಟೈಲ್ಸ್ ಮೇಲೆ ನೀರಾ ಅದಾ ಅಂತ ಗೊತ್ತಾಗ್ತಿರಲಿಲ್ಲ. ಅದೇ ಪುಡಿ, ಅದೇ ನೀರು, ಅದೇ ದಿನ ಮಾಡಿದ್ದು.

ಹಾಗಾಗಿ ನಿಮ್ಮೂರಿಗೆ ಶುದ್ಧ ಆಸ್ಕಾರ್ಬಿಕ್ ಆಸಿಡ್ ಸೀರಮ್ ನಾನು ಹೇಳಲ್ಲ. ಅದರ ಬದಲಿ ರೂಪಗಳಿವೆ, ಈಥೈಲ್ ಆಸ್ಕಾರ್ಬಿಕ್ ಆಸಿಡ್, ಆಸ್ಕಾರ್ಬಿಲ್ ಗ್ಲುಕೋಸೈಡ್, ಮೆಗ್ನೀಸಿಯಮ್ ಅಥವಾ ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್. ಇವು ಬಾಟ್ಲಿಯಲ್ಲಿ ಹೆಚ್ಚು ದಿನ ಬಾಳ್ತವೆ, ಉರಿ ಕಮ್ಮಿ, ಆದ್ರೆ ಇವುಗಳ ಪುರಾವೆ ಇನ್ನೂ ತೆಳು. ಆ 2001ರ ಪಿನ್ನೆಲ್ ಪೇಪರ್‌ನಲ್ಲೇ ಮೆಗ್ನೀಸಿಯಮ್ ಫಾಸ್ಫೇಟ್ ರೂಪ ಹಚ್ಚಿದಾಗ ಚರ್ಮದಲ್ಲಿ ವಿಟಮಿನ್ ಸಿ ಏರ್ಲಿಲ್ಲ. ನಿಮಗೆ ನನ್ನ ಸಲಹೆ ನಯಾಸಿನಮೈಡ್ 4 ಅಥವಾ 5%. ಬಿಸಿಗೂ ಬೆಳಕಿಗೂ ಅಷ್ಟು ಬೇಗ ಕೆಡಲ್ಲ, ಪಿಎಚ್ 6ರ ಆಸುಪಾಸಲ್ಲಿ ಇರೋದ್ರಿಂದ ಚುರುಗುಟ್ಟಲ್ಲ, ಬೆಲೆನೂ ಕಮ್ಮಿ. ಅದು ವಿಟಮಿನ್ ಸಿ ಥರ ನೇರವಾಗಿ ಎಲೆಕ್ಟ್ರಾನ್ ಕೊಡೋ ಜಾತಿ ಅಲ್ಲ. ಬಣ್ಣದ ಕಣಗಳು ಅವನ್ನ ಮಾಡೋ ಜೀವಕೋಶದಿಂದ ಸುತ್ತಲಿನ ಜೀವಕೋಶಗಳಿಗೆ ಸಾಗೋದನ್ನ ಕಮ್ಮಿ ಮಾಡುತ್ತೆ. ಕಲೆಗೆ ನಮಗೆ ಬೇಕಿರೋದು ಅದೇ ತಾನೇ. ಇನ್ನು 10%, 15% ಅಂತ ಬಂದಿರೋದಕ್ಕೆ ಓಡ್ಬೇಡಿ, ಅಧ್ಯಯನ ಆಗಿರೋದು 4-5ರಲ್ಲಿ, ಜಾಸ್ತಿ ಆದ್ರೆ ಕೆಲವರಿಗೆ ಮುಖ ಕೆಂಪಾಗುತ್ತೆ.

ರಾಯಚೂರ_ಬಿಸ್ಲು:
ಭಾಳ ಉಪಕಾರ ಆತ್ರಿ. ಇಷ್ಟ್ ಬಿಡಿಸಿ ಯಾರೂ ಹೇಳಿರ್ಲಿಲ್ಲ.

ಹೂಬುಟ್ಟಿ:
ಇಷ್ಟೆಲ್ಲ ದುಡ್ಡು ಯಾಕೆ, ನಿಂಬೆರಸ ಜೇನುತುಪ್ಪ ಹಚ್ಚಿ, ಅದೂ ವಿಟಮಿನ್ ಸಿನೇ ಅಲ್ವಾ. ನಮ್ಮಜ್ಜಿ ಕಿತ್ತಳೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಹಚ್ತಿದ್ರು, 80ರಲ್ಲೂ ಮುಖ ಪಳಪಳ.

ಪೀಣ್ಯ_ಲ್ಯಾಬ್:
ಹೂಬುಟ್ಟಿ ಅವರೇ, ಲೆಕ್ಕ ಹಾಕಿ ನೋಡೋಣ. 100 ಗ್ರಾಂ ನಿಂಬೆರಸದಲ್ಲಿ ವಿಟಮಿನ್ ಸಿ ಸುಮಾರು 50 ಮಿಲಿಗ್ರಾಂ, ಅಂದ್ರೆ 0.05%. 15% ಸೀರಮ್‌ನಲ್ಲಿ ಅದರ 300 ಪಟ್ಟು ಇರುತ್ತೆ. ಲಾಭ ಇಷ್ಟು ಕಮ್ಮಿ, ಅಪಾಯ ಮಾತ್ರ ದೊಡ್ಡದು: ನಿಂಬೆ ಜಾತಿಯ ಹಣ್ಣುಗಳಲ್ಲಿ, ಅದ್ರಲ್ಲೂ ಸಿಪ್ಪೆಯಲ್ಲಿ, ಫ್ಯುರೋಕೌಮರಿನ್ ಅನ್ನೋ ವಸ್ತು ಇದೆ, ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ರೆ ಸುಟ್ಟ ಗಾಯದ ಥರ ಆಗಿ ಕಪ್ಪು ಕಲೆ ಉಳಿಯುತ್ತೆ. ನಮ್ಮ ಅಕ್ಕನ ಮಗಳು ಮದುವೆಗೆ ಹತ್ತು ದಿನ ಇರೋವಾಗ ಮುಖಕ್ಕೆ ನಿಂಬೆರಸ ಹಚ್ಕೊಂಡು ತಾರಸಿ ಮೇಲೆ ಸಂಡಿಗೆ ಕಾಯ್ತಾ ಕೂತಿದ್ಲು. ರಸ ಗಲ್ಲದಿಂದ ಕತ್ತಿಗೆ ಇಳಿದ ದಾರಿ ಉದ್ದಕ್ಕೂ ಎರಡು ಕಂದು ಗೆರೆ ಮೂಡಿದ್ವು, ಮದುವೆ ಆಲ್ಬಂನಲ್ಲೂ ಕಾಣ್ತವೆ. ಅವಳು ಇವತ್ತಿಗೂ ಆ ಫೋಟೋ ತೆಗೆದು ನೋಡಲ್ಲ.

ಅರಿಶಿನದ ಕರ್ಕ್ಯುಮಿನ್ ಒಳ್ಳೇ ಆಂಟಿಆಕ್ಸಿಡೆಂಟ್, ಆದ್ರೆ ಬೆಳಕಿಗೆ ಬೇಗ ಒಡೆಯುತ್ತೆ, ಚರ್ಮದೊಳಕ್ಕೆ ಸರಿಯಾಗಿ ಇಳಿಯಲ್ಲ. ಸಂಪಿಗೆ ಅವರ ಅಮ್ಮ ಪ್ರೀತಿಯಿಂದ ಹೇಳಿದ್ದಾರೆ, ಒಗ್ಗಿದ್ರೆ ಹಚ್ಕೊಳ್ಳಿ, ಬಂಗು ಅದರಿಂದ ಹೋಗುತ್ತೆ ಅಂತ ಮಾತ್ರ ಕಾಯ್ಬೇಡಿ. ನೆಲ್ಲಿಕಾಯಿ ತಿನ್ನಿ, ಆರೋಗ್ಯಕ್ಕೆ ಬಹಳ ಒಳ್ಳೇದು.

ಕಡಲ_ಬದಿ:
ನಾನು ಮಂಗಳೂರಲ್ಲಿ ಮೆಡಿಕಲ್ ಶಾಪ್ ಕೌಂಟರಲ್ಲಿ ಇರುವುದು, ಒಂದು ವಿಷಯ ಹೇಳ್ಲಿಕ್ಕೇ ಬೇಕು ಅಂತ ಬಂದೆ. ಸೀರಮ್ ಕೆಲಸ ಮಾಡ್ಲಿಲ್ಲ ಅಂತ ಬೇಸರ ಆಗಿ ಜನ ಸೀದಾ ನಮ್ಮ ಹತ್ರ ಬಂದು ಬಂಗಿಗೆ ಕ್ರೀಮ್ ಕೊಡಿ ಅಂತಾರೆ ಮಾರಾಯ್ರೆ. ಅವರು ಕೇಳುವ ಟ್ಯೂಬ್‌ನಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್ (ವಿಟಮಿನ್ ಎ ಜಾತಿಯ ಔಷಧಿ) ಜೊತೆ ಸ್ಟೀರಾಯ್ಡ್ ಉಂಟು. ಎರಡು ವಾರದಲ್ಲಿ ಮುಖ ಬೆಳ್ಳಗೆ ಕಾಣ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣ್ಲಿಕ್ಕೆ ಶುರು, ಬಿಟ್ಟರೆ ಉರಿ, ಬಂಗು ಮೊದಲಿಗಿಂತ ಜಾಸ್ತಿ. 2018ರಲ್ಲಿ ಸರ್ಕಾರ 14 ಸ್ಟೀರಾಯ್ಡ್ ಹಚ್ಚುವ ಔಷಧಿಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದೆ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಾನು ಕೊಡುದಿಲ್ಲ ಅಂದ್ರೆ ಬೈದು ಬೇರೆ ಅಂಗಡಿಗೆ ಹೋಗ್ತಾರೆ. ದಯವಿಟ್ಟು ತಿಂಗಳುಗಟ್ಟಲೆ ಅದನ್ನು ನೀವೇ ಹಚ್ಬೇಡಿ, ಡಾಕ್ಟರ್ ಹತ್ರ ಹೋಗಿ.

ಮತ್ತೆ ಸಂಪಿಗೆ ಅಕ್ಕ, ನೀವು ಸನ್‌ಸ್ಕ್ರೀನ್ ಯಾವುದು ಹಚ್ಚುವುದು? ನಮ್ಮ ಬಣ್ಣದ ಚರ್ಮಕ್ಕೆ ಯುವಿ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡ್ತದೆ. 2010ರ ಒಂದು ಅಧ್ಯಯನದಲ್ಲಿ ಅದು ಕಂಡಿದೆ, ಗಾಢ ಚರ್ಮದವರಲ್ಲಿ ಕಾಣುವ ಬೆಳಕಿನಿಂದ ಬಂದ ಕಪ್ಪು ಬಹಳ ದಿನ ಉಳಿಯಿತು, ಬಿಳಿ ಚರ್ಮದವರಲ್ಲಿ ಬರ್ಲೇ ಇಲ್ಲ. ಬಣ್ಣವಿಲ್ಲದ ಮಾಮೂಲಿ ಸನ್‌ಸ್ಕ್ರೀನ್ ಅದನ್ನು ತಡೆಯುದು ಬಹಳ ಕಮ್ಮಿ. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಬೇಕು.

ಸಂಪಿಗೆ_ಮರ:
ನಿಜ ಹೇಳ್ತೀನಿ, ಸನ್‌ಸ್ಕ್ರೀನ್ ಹಚ್ತಾನೇ ಇರಲಿಲ್ಲ. ಸೀರಮ್ ಇದೆಯಲ್ಲ ಸಾಕು ಅನ್ಕೊಂಡಿದ್ದೆ. ಸ್ಕೂಲಿಗೆ ಮಗಳನ್ನ ಸ್ಕೂಟಿಯಲ್ಲಿ ಬಿಟ್ಟು ಬರ್ತೀನಿ, ಹೋಗ್ತಾ ಬರ್ತಾ 40 ನಿಮಿಷ ಬಿಸಿಲು. ಇದನ್ನ ಯಾರೂ ಕೇಳೇ ಇರಲಿಲ್ಲ ನನ್ನ.

ಕಡಲ_ಬದಿ:
ಬೇಸರ ಮಾಡ್ಬೇಡಿ ಅಕ್ಕ. ನಾಳೆಯಿಂದ ಎರಡು ಬೆರಳುದ್ದ ಹಿಂಡಿ ಮುಖಕ್ಕೂ ಕತ್ತಿಗೂ ಹಚ್ಚಿ. ನಮ್ಮವರು ಕಡಲೆಕಾಳಿನಷ್ಟು ತಗೊಂಡು ಉಜ್ಜುವುದು, ಅದು ಏನೇನೂ ಸಾಲುದಿಲ್ಲ.

ಹಸಿರುಬಳೆ:
ಲೇಬಲ್ ನೋಡಿ ತಿಳ್ಕೊಳ್ಳೋದು ಹೇಗೆ ಅಂತನೂ ಹೇಳಿ ಮೇಡಂ, "20% ವಿಟಮಿನ್ ಸಿ ಕಾಂಪ್ಲೆಕ್ಸ್" ಅಂತೆಲ್ಲ ಬರೆದಿರ್ತಾರೆ.

ಪೀಣ್ಯ_ಲ್ಯಾಬ್:
ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದಿನ ಸಣ್ಣಕ್ಷರದ ಪಟ್ಟಿ ನೋಡಿ. ಯಾವುದು ಹೆಚ್ಚಿದೆಯೋ ಅದು ಮೊದಲು, ಆ ಕ್ರಮದಲ್ಲಿ ಬರೆದಿರ್ತಾರೆ, 1% ಮತ್ತು ಅದಕ್ಕಿಂತ ಕಮ್ಮಿ ಇರೋವನ್ನ ಹೇಗೆ ಬೇಕಾದ್ರೂ ಹಿಂದೆ ಮುಂದೆ ಬರೀಬಹುದು. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಅಂತ ಹುಡುಕಿ, ಅದು ಕೆಡದಂತೆ ಹಾಕೋದು, 1%ಗಿಂತ ಹೆಚ್ಚು ಹಾಕಲ್ಲ. ಆಸ್ಕಾರ್ಬಿಕ್ ಆಸಿಡ್ ಅದಕ್ಕಿಂತ ಕೆಳಗೆ ಕಂಡ್ರೆ 1% ಕೂಡ ಇಲ್ಲ ಅಂತ ಅರ್ಥ. ಫೆರುಲಿಕ್ ಮತ್ತೆ ಟೋಕೋಫೆರಾಲ್ (ಅಂದ್ರೆ ವಿಟಮಿನ್ ಇ) ಕೆಳಗಿದ್ರೆ ಪರವಾಗಿಲ್ಲ, ಅವು ಅರ್ಧ, ಒಂದು ಪರ್ಸೆಂಟೇ ಬೇಕಿರೋದು. "ಕಾಂಪ್ಲೆಕ್ಸ್ 20%" ಅಂದ್ರೆ ಆ ಮಿಶ್ರಣ 20% ಇದೆ ಅಂತ, ಅದರೊಳಗೆ ವಿಟಮಿನ್ ಸಿ ಎಷ್ಟು ಅನ್ನೋದು ಬೇರೆ ಮಾತು.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಒಂದ್ಸಲ ಒಬ್ಬ ಗಿರಾಕಿ ನಮ್ಮ ಲ್ಯಾಬಿಗೆ ಬಂದು ಆರು ಆಂಟಿಆಕ್ಸಿಡೆಂಟ್ ಹೆಸರು ಬೇಕು, ಖರ್ಚು ಹೆಚ್ಚಾಗ್ಬಾರ್ದು ಅಂದ್ರು. ತಕ್ಕಡಿಯಲ್ಲಿ ನಾನೇ ತೂಗಿದೀನಿ, 100 ಕೆಜಿ ಬ್ಯಾಚಿಗೆ ದ್ರಾಕ್ಷಿ ಬೀಜದ ಸಾರ 10 ಗ್ರಾಂ. ಅಂಗೈಯಲ್ಲಿ ಹಿಡಿಯೋ ಅಷ್ಟು ಪುಡಿ, ಆಳೆತ್ತರದ ಟ್ಯಾಂಕ್‌ಗೆ. ಡಬ್ಬದ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ ದೊಡ್ಡದಾಗಿ ಬಂತು. ಅವತ್ತು ಮನೆಗೆ ಹೋಗಿ ಊಟ ಸೇರ್ಲಿಲ್ಲ ನಂಗೆ. ಇಲ್ಲಿ ಇಷ್ಟುದ್ದ ಬರೀತಿರೋದೂ ಅದಕ್ಕೇ.

ಶುದ್ಧ ವಿಟಮಿನ್ ಸಿನೇ ಬೇಕು ಅನ್ನೋರು 10ರಿಂದ 20%, ಕಂದು ಅಥವಾ ಬೆಳಕು ಹೋಗದ ಬಾಟ್ಲಿ, ಸಾಧ್ಯ ಆದ್ರೆ ಗಾಳಿ ಹೋಗದ ಪಂಪ್, 15 ಎಂಎಲ್‌ನ ಸಣ್ಣ ಸೈಜು ನೋಡಿ. ತೆರೆದ ದಿನಾಂಕ ಬಾಟ್ಲಿ ಮೇಲೆ ಮಾರ್ಕರ್‌ನಲ್ಲಿ ಬರೀರಿ, ಫ್ರಿಜ್‌ನಲ್ಲಿಡಿ, ಎರಡು ಮೂರು ತಿಂಗಳಲ್ಲಿ ಮುಗಿಸಿ. ಕೆಲವಕ್ಕೆ ಹೊಸದಿದ್ದಾಗಲೇ ತೆಳು ಹಳದಿ ಇರುತ್ತೆ, ಆದ್ರೆ ಕಿತ್ತಳೆ ಕಂದು ಬಂದ್ರೆ ಮುಗೀತು. ಸಿ ಜೊತೆ ನಯಾಸಿನಮೈಡ್ ಹಚ್ಬಾರ್ದು ಅನ್ನೋದು ಹಳೇ ಮಾತು, ಹಚ್ಬಹುದು, ಏನಾಗಲ್ಲ.

ಓದುಗ_ಮೈಸೂರು:
ಸಂಪಿಗೆ ಅವರೇ, ಇನ್ನೊಂದೇ ಮಾತು. ಒಂದೇ ಕಿಟಕಿ, ಒಂದೇ ಹೊತ್ತು, ನಾಲ್ಕು ವಾರಕ್ಕೊಂದು ಫೋಟೋ ತೆಗೀರಿ. ಕನ್ನಡಿ ದಿನಕ್ಕೊಂದು ಹೇಳುತ್ತೆ.

ಸಂಪಿಗೆ_ಮರ:
ಈಗ ಸೆಪ್ಟೆಂಬರ್‌ನಲ್ಲಿ ಮತ್ತೆ ಬರ್ತಿದೀನಿ, ಏನಾಯ್ತು ಅಂತ ಹೇಳೋಕೆ. ಆ ಬಾಟ್ಲಿ ಅವತ್ತೇ ಬಚ್ಚಲಿಗೆ ಸುರಿದೆ. 5% ನಯಾಸಿನಮೈಡ್ 350 ರೂಪಾಯಿಗೆ ಸಿಕ್ತು, ಟಿಂಟೆಡ್ ಸನ್‌ಸ್ಕ್ರೀನ್ ಹಚ್ತಿದೀನಿ, ಸ್ಕೂಟಿಗೆ ಹೋಗುವಾಗ ಹೆಲ್ಮೆಟ್ ಒಳಗೆ ದುಪಟ್ಟಾ ಕಟ್ಕೋತೀನಿ. 12 ವಾರ ಆಯ್ತು. ನಾಲ್ಕು ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ, ಎಡಗೆನ್ನೆ ಅಂಚು ಮಾಸಿದೆ, ಕಣ್ಣಿನ ಕೆಳಗಿನದು ಚದುರಿದ ಹಾಗಿದೆ. ಮೂಗಿನ ಪಕ್ಕದ್ದು ಹಾಗೇ ಇದೆ, ಒಂಚೂರೂ ಕದಲಿಲ್ಲ. ಅಮ್ಮನೂ ಫೋಟೋ ನೋಡಿ, ಸನ್‌ಸ್ಕ್ರೀನ್ ನಂಗೂ ಸ್ವಲ್ಪ ಕೊಡು ಅಂದ್ರು. ಮೂಗಿನ ಪಕ್ಕದ್ದಕ್ಕೆ ಸೋಮವಾರ ಸ್ಕಿನ್ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ, ಫೋಟೋಗಳನ್ನೂ ತಗೊಂಡು ಹೋಗ್ತೀನಿ.

ಪೀಣ್ಯ_ಲ್ಯಾಬ್:
ಹಚ್ತಿರೋ ಎರಡೂ ಬಾಟ್ಲಿ ಕೂಡ ಚೀಲದಲ್ಲಿ ಹಾಕ್ಕೊಂಡು ಹೋಗಿ, ಡಾಕ್ಟರ್‌ಗೆ ಪಟ್ಟಿ ಓದೋಕೆ ಅನುಕೂಲ ಆಗುತ್ತೆ.